ಸೊನ್ನೆಯೋ ನಾಲ್ಕೋ

ನಮ್ಮಪ್ಪನ ಬಜಾಜ್ ಚೇತಕ್ ಸ್ಟಾರ್ಟ್ ಆಗದಿದ್ದರೆ ಒಂದು ಕಡೆಗೆ ವಾಲಿಸಿ ನಾಲ್ಕು ಕಿಕ್ ಹೊಡೆದರೆ ಸಾಕಿತ್ತು. ಅದಕ್ಕೂ ಬಗ್ಗದಿದ್ದರೆ ಬೀದಿ ಕೊನೆಯ ಮೆಕ್ಯಾನಿಕ್, ಎಂಜಿನ್ನಿಗೆ ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸಿ ಉಣಿಸುವ ಕಾರ್ಬುರೇಟರ್ ಬಿಚ್ಚಿ, ಅದರ ಸಣ್ಣ ತೂತಿನ ಜೆಟ್ಟನ್ನು ಬಾಯಿಗಿಟ್ಟು ಫೂ ಎಂದು ಊದುತ್ತಿದ್ದ. ಊದಿದ ಮೇಲೆ ಪೆಟ್ರೋಲ್ ಉಗಿದು, ಬೀಡಿ ಹಚ್ಚುತ್ತಿದ್ದ. ಅವನು ಇನ್ನೂ ಗಟ್ಟಿಮುಟ್ಟಾಗಿದ್ದಾನೆ ಅಂತ ಕೇಳಿದ್ದೇನೆ. ಆ ಕಾರ್ಬುರೇಟರ್ ಒರಿಜಿನಲ್ಲೋ ಅಲ್ಲವೋ ಅಂತ ನಾವು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಇಷ್ಟೇ ವಿದ್ಯೆ ಇಟ್ಟುಕೊಂಡು ನಾನು ಡೆಟ್ರಾಯಿಟ್ ಪಕ್ಕದ ಊರಿನಲ್ಲಿ ಕೂತು ಶೆವ್ರೊಲೆಯವರ 1969ರ ಶೆವೆಲ್ ಕಾರು ಕೊಂಡುಬಿಟ್ಟೆ. 350 ಕ್ಯೂಬಿಕ್ ಇಂಚಿನ ಎಂಜಿನ್, 300 ಹಾರ್ಸ್‌ಪವರ್, ಆಟೋಮ್ಯಾಟಿಕ್ ಗೇರು. ಮೈಲೇಜ್ ಮಾತ್ರ ಕೇಳಬೇಡಿ. ಇಲ್ಲಿ ವುಡ್‌ವರ್ಡ್ ಅವೆನ್ಯೂನಲ್ಲಿ 1995ರಿಂದ ಹೆಚ್ಚುಕಮ್ಮಿ ಪ್ರತಿ ಆಗಸ್ಟ್‌ನಲ್ಲೂ ಹಳೇ ಕಾರುಗಳ ದೊಡ್ಡ ಜಾತ್ರೆ ನಡೆಯುತ್ತದೆ. ನಾನೂ ಒಂದು ಸಲ ಬಾನೆಟ್ ಎತ್ತಿ, ಪಕ್ಕದಲ್ಲಿ ಮದುವೆ ಮನೆಯ ಯಜಮಾನನ ಹಾಗೆ ನಿಂತುಕೊಳ್ಳಬೇಕು ಅಂತ ಆಸೆ.

ಆದರೆ ಅಲ್ಲಿಗೆ ಬರುವ ಹಿರಿಯರು ಕಾರಿನ ಬಣ್ಣ ನೋಡಿ ಮರುಳಾಗುವವರಲ್ಲ. ಸೀದಾ ಬಗ್ಗಿ ಕಾರ್ಬುರೇಟರಿನ ನಂಬರ್ ಓದುತ್ತಾರೆ. ನನ್ನ ಕಾರಿಗೆ ಇರಬೇಕಾದದ್ದು ರೋಚೆಸ್ಟರ್ ಕಂಪನಿಯ ಕ್ವಾಡ್ರಾಜೆಟ್ ಅನ್ನುವ ಕಾರ್ಬುರೇಟರ್. ಅದಕ್ಕೆ ನಾಲ್ಕು ಬಾಯಿ. ಮುಂದಿನ ಎರಡು ಚಿಕ್ಕವು, ದಿನದ ಊಟಕ್ಕೆ. ಹಿಂದಿನ ಎರಡು ಹಂಡೆಯಷ್ಟು ದೊಡ್ಡವು, ಪೆಡಲ್ ಜೋರಾಗಿ ಒತ್ತಿದಾಗ ಮಾತ್ರ ತೆರೆದುಕೊಳ್ಳುತ್ತವೆ. ಆಗ ಬರುವ ಹೂಂಕಾರ ಕೇಳಲಿಕ್ಕೇ ಜನ ಪೆಟ್ರೋಲ್ ಸುರಿಯುತ್ತಾರೆ.

ನಂಬರ್ ಇರುವುದು ಡ್ರೈವರ್ ಕಡೆಯ ಹಿಂಭಾಗದಲ್ಲಿ. ಮಲಗಿರುವುದಿಲ್ಲ, ನೆಟ್ಟಗೆ ನಿಂತಿರುತ್ತದೆ. ಹಾಗಾಗಿ ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ಕತ್ತನ್ನು ಕೋಳಿಯ ಹಾಗೆ ಓರೆ ಮಾಡಿ ಓದಬೇಕು. ನನ್ನದಕ್ಕೆ ಬೇಕಾದದ್ದು 7029202. ಇದರಲ್ಲಿ ಒಂದೊಂದು ಅಂಕಿಗೂ ಒಂದೊಂದು ಕಥೆ. ನಾಲ್ಕನೆಯದು 9, ಅಂದರೆ 1969. ಕೊನೆಯದು ಸರಿಸಂಖ್ಯೆ, ಅಂದರೆ ಆಟೋಮ್ಯಾಟಿಕ್. ಗೇರು ಕೈಯಲ್ಲಿ ಹಾಕುವ ಶೆವ್ರೊಲೆ ಆದರೆ ಬೆಸಸಂಖ್ಯೆ. ಕೊನೆಯಿಂದ ಎರಡನೆಯದು ಮನೆತನ, ಅಂದರೆ ಜನರಲ್ ಮೋಟರ್ಸ್ ಕಂಪನಿಯ ಯಾವ ಹೆಸರಿನ ಕಾರಿನದ್ದು ಅಂತ. ಸೊನ್ನೆ ಇದ್ದರೆ ಶೆವ್ರೊಲೆ, ನಾಲ್ಕಿದ್ದರೆ ಬ್ಯುಯಿಕ್, ಐದಿದ್ದರೆ ಓಲ್ಡ್ಸ್‌ಮೊಬೀಲ್. ನಾನಿದನ್ನು ಊಟದ ಹೊತ್ತಿನಲ್ಲಿ ವಿವರಿಸಿದಾಗ ನಮ್ಮಾಕೆ, "ನಮ್ಮ ಮದುವೆಗೂ ಇಷ್ಟು ವಿಚಾರಿಸಿರಲಿಲ್ಲ ಬಿಡಿ" ಎಂದಳು.

ಕಾರಿನ ಜೊತೆ ಬಂದಿದ್ದ ಕಾರ್ಬುರೇಟರ್ ಮೇಲೆ ಐವತ್ತು ವರ್ಷದ ಜಿಡ್ಡು. ಬಿಚ್ಚಿ ಅಡುಗೆಮನೆಗೆ ತಂದೆ. ಒಳಗಿನ ಫ್ಲೋಟ್ ಕಂದು ಬಣ್ಣದ್ದು, ನೋಡಲಿಕ್ಕೆ ಥೇಟ್ ರಸ್ಕಿನ ಹಾಗೆ. ಚಹಾಕ್ಕೆ ಅದ್ದಿದ ರಸ್ಕಿನ ಹಾಗೆಯೇ ಅದು ವರ್ಷಗಟ್ಟಲೆ ಪೆಟ್ರೋಲ್ ಕುಡಿದು ಭಾರವಾಗಿಬಿಡುತ್ತದಂತೆ. ಭಾರವಾದದ್ದು ತೇಲಲ್ಲ. ತೇಲದಿದ್ದರೆ ಪೆಟ್ರೋಲ್ ನಿಲ್ಲಲ್ಲ, ಉಕ್ಕಿ ಹರಿಯುತ್ತದೆ. ಸರಿ, ತೂಕ ನೋಡೋಣ ಅಂತ ಸಕ್ಕರೆ ತೂಗುವ ತಕ್ಕಡಿಯ ಮೇಲಿಟ್ಟೆ. ಆಮೇಲೆ ಮೂರು ದಿನ ನಮ್ಮನೆ ಕೇಸರಿಬಾತಿನಲ್ಲಿ ಏಲಕ್ಕಿಗಿಂತ ಪೆಟ್ರೋಲ್ ಪರಿಮಳವೇ ಜಾಸ್ತಿ.

ಜಿಡ್ಡು ಹೋದ ಮೇಲೆ ಮೈಯೆಲ್ಲಾ ಹಳದಿ ಹಳದಿ, ಅಲ್ಲಲ್ಲಿ ಹಸಿರು ಮಿಂಚು. ಕಿಲುಬು ಅಂದುಕೊಂಡೆ. ಕಿಲುಬಿಗೆ ನಮ್ಮಮ್ಮ ಏನು ಹಾಕುತ್ತಿದ್ದರು? ಹುಣಸೆಹಣ್ಣು. ನೆನೆಸಿ, ಉಪ್ಪು ಸೇರಿಸಿ, ಸ್ಟೀಲ್ ಸ್ಕ್ರಬ್ಬರ್ ಹಿಡಿದು ಒಂದು ಗಂಟೆ ಉಜ್ಜಿದೆ. ಬೆಳ್ಳಗೆ ಬಂತು.

"ರೀ, ಸಾರಿಗೆ ನೆನೆಸಿದ್ದ ಹುಣಸೆಹಣ್ಣು ಎಲ್ಲಿ?"

ಉತ್ತರ ಕೊಡದೆ ನಂಬರ್ ಓದಿದೆ. 7029202! ಕುಣಿದಾಡಿಬಿಡಬೇಕು ಅನ್ನುವಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು ಹೆಸರು ಕಂಡಿತು. ಕಾರ್ಟರ್. ಎದೆ ಧಸಕ್ಕೆಂದಿತು. ಕಾರ್ಟರ್ ಅಂದರೆ ಸೇಂಟ್ ಲೂಯಿಸ್ ಊರಿನ ಬೇರೆಯೇ ಕಂಪನಿ. ತಾರೀಖಿನ ಗುರುತೂ ನಾನು ಓದಿಕೊಂಡ ಹಾಗಿರಲಿಲ್ಲ. ರೋಚೆಸ್ಟರಿನದ್ದಾದರೆ ನಾಲ್ಕು ಅಂಕಿ ಇರಬೇಕು, ಮೊದಲ ಮೂರು ವರ್ಷದ ಎಷ್ಟನೇ ದಿನ ಅಂತ, ಕೊನೆಯದು ಇಸವಿ ಅಂತ. ಇದರಲ್ಲಿ ಅಕ್ಷರ ಬೇರೆ ಇದೆ! ನಕಲಿ ಮಾಲು ಅಂತ ತೀರ್ಪು ಕೊಟ್ಟು, ಮನೆ ಮುಂದೆ ಹಳೇ ಸಾಮಾನು ಮಾರುವಾಗ ಒಬ್ಬ ಹುಡುಗನಿಗೆ 40 ಡಾಲರಿಗೆ ಕೊಟ್ಟೆ. ಪಾಪ ಮೋಸ ಹೋದ ಅಂತ ಮರುಕವೂ ಆಯಿತು.

ಮುಂದಿನ ಭಾನುವಾರ ಸ್ವಾಪ್ ಮೀಟ್. ಅಂದರೆ ಸಂತೆ, ತರಕಾರಿ ಬದಲು ಕಾರಿನ ಬಿಡಿಭಾಗ ಅಷ್ಟೇ. ಒಂದು ಟಾರ್ಪಾಲಿನ ಮೇಲೆ ಹೊನ್ನಿನ ಬಣ್ಣದ ಕ್ವಾಡ್ರಾಜೆಟ್ ಕೂತಿತ್ತು. ಚಾಳೀಸು ಮನೆಯಲ್ಲೇ ಬಿಟ್ಟುಬಂದಿದ್ದೆ. ಕೈ ಉದ್ದ ಮಾಡಿ, ಕಣ್ಣು ಕಿರಿದು ಮಾಡಿ ಓದಿದೆ. ಏಳು, ಸೊನ್ನೆ, ಎರಡು, ಒಂಬತ್ತು, ಎರಡು, ಸೊನ್ನೆ, ಎರಡು. ತಾರೀಖು ನಾಲ್ಕಂಕಿ. ಚೌಕಾಸಿ ಮಾಡಿ 300 ಹೇಳಿದ್ದನ್ನು 250ಕ್ಕೆ ಇಳಿಸಿದೆ. ದೇವರಾಜ ಮಾರ್ಕೆಟ್ಟಿನಲ್ಲಿ ಕಲಿತ ವಿದ್ಯೆ ವ್ಯರ್ಥವಾಗಲಿಲ್ಲ ಅಂತ ದಾರಿಯುದ್ದಕ್ಕೂ ಶಿಳ್ಳೆ.

ಮನೆಗೆ ತಂದು ಕೂರಿಸಿದರೆ ಪೆಟ್ರೋಲ್ ಪೈಪೇ ಮುಟ್ಟುತ್ತಿಲ್ಲ. ಎಳೆದೆ, ಬಗ್ಗಿಸಿದೆ, ಬೈದೆ. ಬೇಲಿಯಾಚೆಯಿಂದ ಎಲ್ಲ ನೋಡುತ್ತಿದ್ದ ಪಕ್ಕದ ಮನೆಯ ಅಜ್ಜ ಕಾಫಿ ಲೋಟದ ಸಮೇತ ಬಂದರು. ಜೀವಮಾನವೆಲ್ಲ ಕಾರು ಕಾರ್ಖಾನೆಯಲ್ಲಿ ದುಡಿದವರು.

"ಶೆವ್ರೊಲೆಗೆ ಪೈಪಿನ ಬಾಯಿ ಪಕ್ಕಕ್ಕೆ ತಿರುಗಿರುತ್ತೆ. ಇದು ಮುಂದಕ್ಕೆ ನೋಡ್ತಿದೆ. ನಂಬರ್ ಇನ್ನೊಂದು ಸಲ ಓದು."

ಚಾಳೀಸು ಹಾಕಿಕೊಂಡು ಓದಿದೆ. ಕೊನೆಯಿಂದ ಎರಡನೆಯದು ಸೊನ್ನೆ ಅಲ್ಲ. ನಾಲ್ಕು. ಬ್ಯುಯಿಕ್ ಮನೆತನದ ಮಗುವನ್ನು ಎತ್ತಿಕೊಂಡು ಬಂದಿದ್ದೆ.

ಅವಮಾನ ಮುಚ್ಚಿಕೊಳ್ಳಲಿಕ್ಕೆ, ನಕಲಿ ಮಾಲೊಂದನ್ನು ನಾನೇ ಹೇಗೆ ಪತ್ತೆ ಹಚ್ಚಿದೆ ಅನ್ನುವ ಕಥೆ ತೆಗೆದೆ. ಕಾರ್ಟರ್ ಅನ್ನುವ ಮಾತು ಬಂದದ್ದೇ ಅಜ್ಜ ಲೋಟ ಕೆಳಗಿಟ್ಟರು. ಆ ಕಾಲದಲ್ಲಿ ಕ್ವಾಡ್ರಾಜೆಟ್ಟಿಗೆ ಎಷ್ಟು ಬೇಡಿಕೆ ಇತ್ತೆಂದರೆ ರೋಚೆಸ್ಟರ್‌ನವರಿಗೆ ಪೂರೈಸಲು ಆಗದೆ ಕಾರ್ಟರ್‌ಗೂ ಮಾಡಲು ಕೊಟ್ಟಿದ್ದರಂತೆ. ಅಚ್ಚು ಹೊಯ್ದವರು ಬೇರೆ, ತಾರೀಖಿನ ಲೆಕ್ಕ ಬೇರೆ, ಕಾರ್ಬುರೇಟರ್ ಮಾತ್ರ ನೂರಕ್ಕೆ ನೂರು ಅಸಲಿ.

"ಎಷ್ಟಕ್ಕೆ ಕೊಟ್ಟೆ?"

"ನಲವತ್ತು."

ಅಜ್ಜ ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಮುಂದಿನ ತಿಂಗಳು ಬ್ಯುಯಿಕ್‌ನದ್ದನ್ನು ಮಾರೋಣ ಅಂತ ಮತ್ತೆ ಅದೇ ಸಂತೆಗೆ ಹೋದೆ. ಈ ಸಲ ಚಾಳೀಸನ್ನು ದಾರ ಕಟ್ಟಿ ಕೊರಳಿಗೇ ಹಾಕಿಕೊಂಡಿದ್ದೆ. ಮೂರನೇ ಸಾಲಿನಲ್ಲಿ ಒಬ್ಬ ದಪ್ಪ ಮೀಸೆಯವನ ಮೇಜಿನ ಮೇಲೆ ಬೆಳ್ಳಗೆ, ಬೋಳು ಬೋಳಾಗಿ ಒಂದು ಕ್ವಾಡ್ರಾಜೆಟ್. ದೂರದಿಂದಲೇ ಗುರುತು ಸಿಕ್ಕಿತು. ಆದರೂ ಕತ್ತು ಓರೆ ಮಾಡಿ ಓದಿದೆ. 7029202. ಕಾರ್ಟರ್.

"350 ಡಾಲರ್," ಎಂದ. ನನ್ನ ಮುಖ ನೋಡಿ ಏನನ್ನಿಸಿತೋ, ಹತ್ತಿರ ಬಂದು ಕಾರ್ಬುರೇಟರಿನ ಬೆನ್ನು ಸವರಿದ. "ಮೊದಲೇ ಹೇಳಿಬಿಡ್ತೀನಿ. ಇದರ ಹೊನ್ನಿನ ಬಣ್ಣ ಕಾರ್ಖಾನೆಯಲ್ಲೇ ಡೈಕ್ರೋಮೇಟ್ ಅನ್ನೋ ರಾಸಾಯನಿಕದಲ್ಲಿ ಅದ್ದಿ ಕೊಡೋದು. ಅದೇ ಇದ್ದಿದ್ದರೆ ಐನೂರಕ್ಕೆ ಕಮ್ಮಿ ಕೊಡ್ತಿರಲಿಲ್ಲ. ಯಾವನೋ ಮಹಾನುಭಾವ ಏನೋ ಹಾಕಿ ಉಜ್ಜಿಬಿಟ್ಟಿದ್ದಾನೆ. ಏನು ಹಾಕಿದ ಅಂತಲೇ ತಿಳೀತಿಲ್ಲ ನಂಗೆ."

"ಛೆ, ಎಂಥೆಂಥಾ ಜನ ಇರ್ತಾರಪ್ಪಾ," ಎಂದು ನಾನೂ ತಲೆಯಾಡಿಸಿ, ಚೌಕಾಸಿ ಮಾಡದೆ ದುಡ್ಡು ಎಣಿಸಿಕೊಟ್ಟೆ.