ಸ್ಪ್ಯಾನಿಷ್ ಮೇಡಂಗೆ ಕ್ಲಿನಿಕ್‌ನಲ್ಲೇನು ಕೆಲಸ?

ಭಾನುವಾರದ ಪಾಟ್‌ಲಕ್‌ನಲ್ಲಿ, ಅಂದರೆ ಮನೆಗೊಂದು ಅಡುಗೆ ತಂದು ಕೂಡಿ ಉಣ್ಣುವ ಊಟದಲ್ಲಿ, ನಮ್ಮ ಹಿರಿಯರೊಬ್ಬರು ನನ್ನ ಮಗಳಿಗೆ ಬುದ್ಧಿ ಹೇಳುತ್ತಿದ್ದರು. "ಡಾಕ್ಟ್ರಾಗೋಳು ಸ್ಪ್ಯಾನಿಷ್ ಯಾಕಮ್ಮ ಹಚ್ಕೊಂಡೆ? ಫೋನಿಗೆ ಹೇಳಿದ್ರೆ ಅದೇ ಟ್ರಾನ್ಸ್‌ಲೇಟ್ ಮಾಡುತ್ತೆ. ಆ ನಿಮ್ಮ ಪ್ರೊಫೆಸರ್‌ಗೂ ಬೇರೆ ಕೆಲಸ ಇಲ್ವಾ?" ನನ್ನ ಬಾಯ್ತುಂಬ ಬಿಸಿಬೇಳೆಬಾತ್ ಇತ್ತು, ಸುಮ್ಮನಿದ್ದೆ. ಇಲ್ಲಿ ಸುಮ್ಮನಿರಲ್ಲ.

ಬೇರೆ ಕೆಲಸ ಇಲ್ವಾ ಅಂತೆ!

ಗೊತ್ತಿದ್ದವರಿಗೆ ಗೊತ್ತು, ಶನಿವಾರ ಚರ್ಚಿನ ನೆಲಮಾಳಿಗೆಯ ಉಚಿತ ಕ್ಲಿನಿಕ್‌ನಲ್ಲಿ ನಾನು ಫೈಲು ಜೋಡಿಸುವವನು. ಅಮೆರಿಕದ ನಾರ್ತ್ ಕೆರೊಲಿನಾದ ಈ ಕಡೆ ಕೋಳಿಮಾಂಸದ ಕಾರ್ಖಾನೆಯಲ್ಲಿ ದುಡಿಯುವ, ಸ್ಪ್ಯಾನಿಷ್ ಆಡುವವರೇ ಹೆಚ್ಚು ಬರುತ್ತಾರೆ. ಮಗಳ ಆ ಸ್ಪ್ಯಾನಿಷ್ ಪ್ರೊಫೆಸರಮ್ಮ ವಿದ್ಯಾರ್ಥಿಗಳನ್ನು ದುಭಾಷಿಗಳಾಗಿ ಕರೆತಂದು, ರೋಗಿಯ ಪಕ್ಕ ತುಸು ಹಿಂದೆ ಕೂರಿಸುತ್ತಾರೆ. ಡಾಕ್ಟರೂ ರೋಗಿಯೂ ಒಬ್ಬರ ಮುಖ ಒಬ್ಬರು ನೋಡಬೇಕಲ್ಲ, ಅದಕ್ಕೆ. 'ಇವರಿಗೆ ನೋವಂತೆ' ಅನ್ನಕೂಡದು, 'ನನಗೆ ನೋವು' ಅಂತ ರೋಗಿ ಅಂದಹಾಗೆಯೇ ಅನ್ನಬೇಕು. ಔಷಧಿ ಚೀಟಿಯಲ್ಲಿ 'ಒನ್ಸ್' (once) ಅಂತಿದ್ದರೆ ಮೊದಲು ಅದಕ್ಕೆ ಸುತ್ತು ಹಾಕುತ್ತಾರೆ. ಅದೇ ನಾಲ್ಕು ಅಕ್ಷರಕ್ಕೆ ಸ್ಪ್ಯಾನಿಷ್‌ನಲ್ಲಿ ಹನ್ನೊಂದು ಅಂತ ಅರ್ಥ. ದಿನಕ್ಕೆ ಒಂದು ಸಲ ನುಂಗಬೇಕಾದ ಬಿಪಿ ಮಾತ್ರೆ ಹನ್ನೊಂದಾದರೆ?

ಮೊನ್ನೆ ಗ್ವಾಟೆಮಾಲಾದ ಹೆಂಗಸೊಬ್ಬಳು ಎಲ್ಲಕ್ಕೂ 'ಸೀ, ಸೀ' (ಹೌದು, ಹೌದು) ಅಂತ ತಲೆಯಾಡಿಸುತ್ತಿದ್ದಳು. ಹುಡುಗರಿಗೆ ಖುಷಿ, ಎಲ್ಲ ಅರ್ಥವಾಯಿತು ಅಂತ. ಪ್ರೊಫೆಸರಮ್ಮ ಪೆನ್ನು ಕೆಳಗಿಟ್ಟು ಕೇಳಿದ್ದು ಒಂದೇ: ಮನೆಯಲ್ಲಿ ಯಾವ ಮಾತು? ಅಲ್ಲಿನ ಮೂಲನಿವಾಸಿಗಳ ಮಾಯಾ ಭಾಷೆಯಂತೆ. ಸ್ಪ್ಯಾನಿಷ್ ಅವಳಿಗೂ ಸಂತೆಯ ಮಾತು.

ಫೋನಿದೆ, ಒಪ್ಪಿದೆ. ರೈಲ್ವೆ ಸ್ಟೇಷನ್ನಿನಲ್ಲಿ ಟಾಯ್ಲೆಟ್ ಎಲ್ಲಿ ಅಂತ ಕೇಳೋಕೆ ಧಾರಾಳ ಸಾಕು. ಆಸ್ಪತ್ರೆಯ ಮಾತೇ ಬೇರೆ. 1980ರಲ್ಲಿ ಫ್ಲೋರಿಡಾದಲ್ಲಿ 18 ವರ್ಷದ ಹುಡುಗನೊಬ್ಬ ಪ್ರಜ್ಞೆಯಿಲ್ಲದೆ ಆಸ್ಪತ್ರೆಗೆ ಬಂದ. ಕ್ಯೂಬಾ ಮೂಲದ ಮನೆಯವರು 'ಇಂತೊಕ್ಸಿಕಾದೊ' ಅಂದರು. ತಿಂದದ್ದೇನೋ ಮೈಗೆ ಆಗಿಬಂದಿಲ್ಲ ಅಂತ. ಡಾಕ್ಟರ ಕಿವಿಗೆ ಅದು 'ಇಂಟಾಕ್ಸಿಕೇಟೆಡ್'. ಡ್ರಗ್ಸ್ ಅಂತ ಚಿಕಿತ್ಸೆ ನಡೆಯಿತು. ಇದ್ದದ್ದು ಮೆದುಳಿನಲ್ಲಿ ರಕ್ತಸ್ರಾವ. ಹುಡುಗನ ಎರಡು ಕೈ, ಎರಡು ಕಾಲೂ ಸ್ವಾಧೀನ ತಪ್ಪಿದವು. ಪರಿಹಾರ ಅವನ ಜೀವಮಾನಕ್ಕೆ ಲೆಕ್ಕ ಹಾಕಿದರೆ ಸುಮಾರು 7.1 ಕೋಟಿ ಡಾಲರ್. ಯಾರೂ ದುಭಾಷಿಯನ್ನು ಕರೆಯಲಿಲ್ಲ. ಯಾಕೆ ಕರೆದಾರು? ಅರ್ಥವಾಗಿದೆ ಅಂತಲೇ ಎರಡೂ ಕಡೆಯವರು ಅಂದುಕೊಂಡಿದ್ದರು.

ಭಾಷೆಯ ತೊಡಕಿರುವವರಿಗೆ ನೆರವಾಗಬೇಕು ಅಂತ ಕ್ಲಿಂಟನ್ 2000ದಲ್ಲಿ ಹೊರಡಿಸಿದ್ದ ಆದೇಶವನ್ನು ಟ್ರಂಪ್ 2025ರ ಮಾರ್ಚಿನಲ್ಲಿ ರದ್ದು ಮಾಡಿದರು. ನಮ್ಮ ಹಿರಿಯರಿಗೆ ಅದೂ ಖುಷಿಯೇ. ಬಿಡಿ, ಆ ಜಗಳ ಬೇರೆ.

ನನಗೆ ಇಷ್ಟು ಸಿಟ್ಟು ಯಾಕೆ ಅಂದರೆ, ಆ ಫೋನಿಗಿಂತ ದಡ್ಡ ದುಭಾಷಿ ನಾನೇ ಆಗಿದ್ದೆ. ಹಿಂದೊಮ್ಮೆ ಅಮ್ಮ ಬಂದಿದ್ದಾಗ ಮೈ ಸರಿಯಿಲ್ಲ ಅಂತ ಕರಕೊಂಡು ಹೋದೆ. "ಹಿಂದಿ ಇಂಟರ್‌ಪ್ರಿಟರ್ ಬೇಕಾ?" ಅಂದಳು ನರ್ಸು. ತಿಪಟೂರಿನ ನಮ್ಮಮ್ಮನಿಗೆ ಹಿಂದಿ! "ಕನ್ನಡಕ್ಕೆ ನಾನೇ ಇದೀನಿ" ಅಂದೆ, ಎದೆಯುಬ್ಬಿಸಿ. ಅಮ್ಮ ನೆಲ ನೋಡುತ್ತಾ "ಉಷ್ಣ ಆಗೋಗಿದೆ ಕಣೋ" ಅಂದಳು. ನಾನು 'ಹೀಟ್' ಅಂದೆ. ಅವರು ಥರ್ಮಾಮೀಟರ್ ಇಟ್ಟು, ಜ್ವರ ಇಲ್ಲ ಅಂತ ಕಳಿಸಿದರು. ಉರಿಮೂತ್ರ ಅಂತ ಮಗನ ಮುಂದೆ ಹೇಳೋಕೆ ಅವಳಿಗೆ ನಾಚಿಕೆ. ಮೂರು ದಿನ ನರಳಿ, ನಾಲ್ಕನೇ ದಿನ ಸೊಸೆಯ ಕಿವಿಯಲ್ಲಿ ಹೇಳಿದಳು. ಅಷ್ಟರಲ್ಲಿ ಚಳಿಜ್ವರ ಬಂದು ಗಡಗಡ ನಡುಗುತ್ತಿದ್ದಳು. ಅವಳ ಮಾತು ಹುಟ್ಟಿದಾಗಿನಿಂದ ಕೇಳಿದವನು ನಾನು!

ಅಂದಹಾಗೆ ಆ ಹಿರಿಯರ ಅತ್ತೆ ಜೂನ್‌ನಲ್ಲಿ ಊರಿಂದ ಬರುತ್ತಾರಂತೆ. ವಿಸಿಟರ್ ಇನ್ಶೂರೆನ್ಸ್ ಯಾವುದು ತಗೊಳ್ಳಲಿ ಅಂತ ಊಟ ಆದಮೇಲೆ ನನ್ನನ್ನೇ ಕೇಳಿದರು.