ಸತ್ಯಾಂಶ: ವಿಡಿಯೊ ಎಡಿಟಿಂಗ್‌ಗೆ ಮ್ಯಾಕ್ ಕಡ್ಡಾಯವೇ?

ಮನೆಯಲ್ಲಿ ವಿಡಿಯೊ ಎಡಿಟ್ ಮಾಡಲು ಮ್ಯಾಕ್ ಬೇಕೇ ಬೇಕು, ವಿಂಡೋಸ್‌ನಲ್ಲಿ ಆಗದು ಎಂಬ ಸಂದೇಶ ಆಗಾಗ ಫಾರ್ವರ್ಡ್ ಆಗುತ್ತಿರುತ್ತದೆ. ಇದು ತಪ್ಪು. ಆ್ಯಪಲ್‌ನ ಎಡಿಟಿಂಗ್ ಸಾಫ್ಟ್‌ವೇರ್ ಫೈನಲ್ ಕಟ್ ಪ್ರೊ ವಿಂಡೋಸ್‌ಗೆ ಇಲ್ಲ ಎಂಬುದೇನೋ ನಿಜ. ಆದರೆ ಅಂಥದೇ ಸಾಫ್ಟ್‌ವೇರ್‌ಗಳಲ್ಲಿ ಅಡೋಬಿಯ ಪ್ರೀಮಿಯರ್ ಎರಡರಲ್ಲೂ ನಡೆಯುತ್ತದೆ, ಡಾವಿಂಚಿ ರಿಸಾಲ್ವ್ ಈ ಎರಡರ ಜೊತೆಗೆ ಲಿನಕ್ಸ್‌ನಲ್ಲೂ ಸಿಗುತ್ತದೆ.

ಹೀಗೆ ನಂಬುವುದಕ್ಕೂ ಕಾರಣವಿದೆ. ಈಗಿನ ಅನೇಕ ಫೋನು, ಕ್ಯಾಮೆರಾಗಳು ವಿಡಿಯೊವನ್ನು ಕುಗ್ಗಿಸಿ ಉಳಿಸುವ ಎಚ್.265 ಮಾದರಿಯ ಫೈಲಿನಲ್ಲಿ ಎಲ್ಲ ಫ್ರೇಮುಗಳೂ ಪೂರ್ತಿಯಾಗಿ ಇರುವುದಿಲ್ಲ. ಹೆಚ್ಚಿನವು ಅಕ್ಕಪಕ್ಕದ ಫ್ರೇಮಿಗಿಂತ ಏನು ಬದಲಾಯಿತು ಎಂಬುದನ್ನಷ್ಟೇ ಹೇಳುತ್ತವೆ. ಅದನ್ನು ಸರಾಗವಾಗಿ ಬಿಡಿಸಲು ಚಿಪ್‌ನಲ್ಲೇ ಡಿಕೋಡರ್ (ಕುಗ್ಗಿಸಿದ ವಿಡಿಯೊವನ್ನು ಬಿಡಿಸುವ ಭಾಗ) ಇರಬೇಕು. ಆ್ಯಪಲ್‌ನ ಎಂ ಸರಣಿಯ ಚಿಪ್ ಇರುವ ಮ್ಯಾಕ್‌ಗಳಲ್ಲಿ ಅದಿದೆ. ಕ್ವಿಕ್ ಸಿಂಕ್ (ಇಂಟೆಲ್‌ನ ವಿಡಿಯೊ ಘಟಕ) ಇರುವ ಈಚಿನ ಇಂಟೆಲ್ ಪ್ರೊಸೆಸರ್‌ಗಳಲ್ಲೂ, ಎನ್ವಿಡಿಯಾದ ಈಚಿನ ಗ್ರಾಫಿಕ್ಸ್ ಕಾರ್ಡ್‌ಗಳಲ್ಲೂ ಇದೆ. ನಿಜವಾಗಿ ತೊಡಕಾಗುವುದು ಕೆಲವು ಕ್ಯಾಮೆರಾಗಳ 10 ಬಿಟ್ 4:2:2 (ಬಣ್ಣದ ವಿವರ ಹೆಚ್ಚಿರುವ) ಫೈಲುಗಳಲ್ಲಿ. ಅವನ್ನು ಎನ್ವಿಡಿಯಾದ ಆರ್‌ಟಿಎಕ್ಸ್ 40 ಸರಣಿಯೂ ಡಿಕೋಡ್ ಮಾಡುವುದಿಲ್ಲ, 50 ಸರಣಿ ಮಾಡುತ್ತದೆ.

ನೀವೇ ಪರೀಕ್ಷಿಸಬಹುದು. ನಿಮ್ಮದೇ ಕ್ಲಿಪ್ ಅನ್ನು ಎಡಿಟರ್‌ನಲ್ಲಿ ಓಡಿಸಿ, ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್, ಜಿಪಿಯು ತೆರೆದು ವಿಡಿಯೊ ಡಿಕೋಡ್ ಗ್ರಾಫ್ ನೋಡಿ. ಅದು ಸೊನ್ನೆಯಲ್ಲೇ ಇದ್ದು ಸಿಪಿಯು 100ರ ಹತ್ತಿರ ಹೋದರೆ ಡಿಕೋಡರ್ ಕೆಲಸ ಮಾಡುತ್ತಿಲ್ಲ ಎಂದರ್ಥ. ಆಗ ಹೊಸ ಯಂತ್ರ ಕೊಳ್ಳುವ ಮುನ್ನ ಪ್ರಾಕ್ಸಿ ಫೈಲು, ಅಂದರೆ ಎಡಿಟ್ ಮಾಡಲಷ್ಟೇ ಬಳಸುವ ಹಗುರವಾದ ನಕಲು, ಮಾಡಿಕೊಳ್ಳಿ. ಹಳೆಯ ಲ್ಯಾಪ್‌ಟಾಪಿಗೂ ಅದು ಎಷ್ಟೋ ಸಲ ಸಾಕಾಗುತ್ತದೆ.