ವಿಶ್ವೇಶ್ವರಯ್ಯ ಮೊದಲು ಬಿ.ಎ. ಓದಿದ್ದರು

ಸೆಪ್ಟೆಂಬರ್ 15 ಬಂತೆಂದರೆ ನಮ್ಮ ಎಲ್ಲ ಗ್ರೂಪುಗಳಲ್ಲೂ ಸರ್ ಎಂ.ವಿ. ಫೋಟೊ ಓಡಾಡುತ್ತದೆ. ಪೇಟ, ಕೋಟು, ಕೆಳಗೆ ಎಂಜಿನಿಯರ್ಸ್ ಡೇ ಶುಭಾಶಯ. ಆದರೆ ಅವರ ಓದಿನ ಬಗ್ಗೆ ಒಂದು ಮಾತನ್ನು ನಾವು ಮೇಷ್ಟ್ರುಗಳು ಮಕ್ಕಳಿಗೆ ಹೇಳುವುದೇ ಇಲ್ಲ. ವಿಶ್ವೇಶ್ವರಯ್ಯ ನೇರವಾಗಿ ಎಂಜಿನಿಯರಿಂಗಿಗೆ ಹೋದವರಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಮೊದಲು ಬಿ.ಎ. ಮುಗಿಸಿದರು, 1881ರಲ್ಲಿ. ಆಮೇಲೆ ಮೈಸೂರು ಸರ್ಕಾರದ ಸ್ಕಾಲರ್‌ಶಿಪ್ ಪಡೆದು ಪುಣೆಗೆ ಹೋಗಿ, 1883ರಲ್ಲಿ ಎಂಜಿನಿಯರ್ ಆದರು.

ಆ ಕಾಲದ ಬಿ.ಎ. ಅಂದರೆ ಈಗಿನ ಹಾಗಲ್ಲ, ಅದರಲ್ಲಿ ಗಣಿತವೂ ಇರುತ್ತಿತ್ತು ಅಂತ ಯಾರಾದರೂ ಹೇಳಬಹುದು. ನಿಜ, ಈಗಿನ ಎಂಜಿನಿಯರಿಂಗ್ ಮಕ್ಕಳಿಗೆ ನಾನು ಕೇಳುತ್ತಿರುವುದೂ ಅಂಥದ್ದೇ ಓದು. ಭಾಷೆ, ಚರಿತ್ರೆ, ಲೆಕ್ಕ ಒಂದೇ ಮನೆಯಲ್ಲಿದ್ದ ಓದು.

1899ರಲ್ಲಿ ಅವರು ಪುಣೆ ಕಡೆಯ ಕಾಲುವೆಗಳಿಗೆ ತಂದ ಬ್ಲಾಕ್ ಪದ್ಧತಿಯನ್ನೇ ನೋಡಿ. ಜಮೀನನ್ನು ಬ್ಲಾಕುಗಳಾಗಿ ಮಾಡಿ, ಬೆಳೆಗಳನ್ನು ಸರದಿಯ ಮೇಲೆ ಬದಲಾಯಿಸುತ್ತಾ, ಇರುವ ನೀರು ಹೆಚ್ಚು ಊರುಗಳಿಗೆ ಸಿಗುವ ಹಾಗೆ ಹಂಚುವುದು. ಇದರಲ್ಲಿ ಲೆಕ್ಕ ಎಷ್ಟು, ನ್ಯಾಯ ಎಷ್ಟು? ಬೇರೆ ಮಾಡಲು ಆಗುವುದಿಲ್ಲ. ರೈತರು ಮೊದಲು ವಿರೋಧಿಸಿದರು, ಕೂತು ಮಾತಾಡಿ ಒಪ್ಪಿಸಬೇಕಾಯಿತು. ಮುಂದೆ ಅವರು ದಿವಾನರಾಗಿದ್ದ ಕಾಲದಲ್ಲೇ 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಶುರುವಾದವು. ಒಂದರ ಹಿಂದೆ ಒಂದು. ಆ ಎಂಜಿನಿಯರಿಂಗ್ ಕಾಲೇಜಿನಿಂದ ಸೆಂಟ್ರಲ್ ಕಾಲೇಜಿಗೆ ಇವತ್ತಿಗೂ ನಡೆದೇ ಹೋಗಬಹುದು.

ಈಗ ನಮ್ಮ ಹುಡುಗರ ಕಥೆ. ಚರಿತ್ರೆಯ ಪುಸ್ತಕ ಕೊನೆಯ ಸಲ ಮುಟ್ಟಿದ್ದು ಎಸ್ಸೆಸ್ಸೆಲ್ಸಿಯಲ್ಲಿ. ಪಿಯುಸಿಯಲ್ಲಿ ಪಿಸಿಎಂ, ಅದರ ಜೊತೆ ಸಿಇಟಿ ಕೋಚಿಂಗು. ಎಷ್ಟೋ ಜನ ಅಂಕ ಜಾಸ್ತಿ ಬರುತ್ತೆ ಅಂತ ಬೇರೆ ಭಾಷೆ ತಗೊಂಡು ಕನ್ನಡವನ್ನೂ ಅಲ್ಲೇ ಬಿಡುತ್ತಾರೆ. ಬಿ.ಇ.ಗೆ ಬಂದರೆ ಕನ್ನಡಕ್ಕೆ ಒಂದು ಕ್ರೆಡಿಟ್ಟು, ಸಂವಿಧಾನಕ್ಕೆ ಒಂದು ಕ್ರೆಡಿಟ್ಟು. ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತು ಮಾಡಿದರೆ ಪರೀಕ್ಷೆ ಮುಗಿಯಿತು. ಹಿಂದಿನ ರಾತ್ರಿ ಓದಿ ಪಾಸಾಗುತ್ತಾರೆ. ಅವರ ಮೇಲೆ ನನಗೆ ಕೋಪವಿಲ್ಲ. ಒಂದು ಸಾಲು ಸ್ವಂತವಾಗಿ ಬರೆಯುವ ಅವಕಾಶವನ್ನೇ ಕೊಡದೆ, ಬರೆಯಲು ಬರುವುದಿಲ್ಲ ಅಂತ ದೂರುವುದು ಅನ್ಯಾಯ.

ನಾನು ಸಿವಿಲ್ ಪಾಠ ಮಾಡುವವನು, ಆದ್ದರಿಂದ ಚರಂಡಿಯ ಉದಾಹರಣೆಯನ್ನೇ ಕೊಡುತ್ತೇನೆ. ಅಂತಿಮ ವರ್ಷದ ಒಂದು ತಂಡ ಒಂದು ಬಡಾವಣೆಗೆ ಮಳೆನೀರು ಚರಂಡಿ ಡಿಸೈನ್ ಮಾಡಿಕೊಂಡು ಬಂತು. ರ್ಯಾಷನಲ್ ಮೆಥಡ್. ನೆಲ ಎಷ್ಟು ನೀರನ್ನು ಹರಿಯಬಿಡುತ್ತದೆ ಎಂಬ ಗುಣಾಂಕ, ಮಳೆಯ ತೀವ್ರತೆ, ನೀರು ಹರಿದು ಬರುವ ಜಾಗದ ವಿಸ್ತೀರ್ಣ, ಈ ಮೂರನ್ನು ಗುಣಿಸಿದರೆ ಎಷ್ಟು ನೀರು ಬರುತ್ತದೆ ಅನ್ನುವುದು ಸಿಗುತ್ತದೆ. ಲೆಕ್ಕದಲ್ಲಿ ಒಂದು ತಪ್ಪೂ ಇರಲಿಲ್ಲ. ವಿಸ್ತೀರ್ಣ ಎಲ್ಲಿಂದ ತಗೊಂಡಿರಿ ಅಂತ ಕೇಳಿದೆ. "ಲೇಔಟ್ ಪ್ಲಾನಿಂದ ಸರ್."

ಆ ಬಡಾವಣೆಯ ಮೇಲ್ಗಡೆ ಒಂದು ಕೆರೆ ಇದೆ. ಅದು ತುಂಬಿ ಕೋಡಿ ಬಿದ್ದರೆ ನೀರು ಎಲ್ಲಿಗೆ ಹೋಗುತ್ತಿತ್ತು? ಯಾರಿಗೂ ಗೊತ್ತಿರಲಿಲ್ಲ. ಊರಿನ ಹಳಬರನ್ನು ಕೇಳಿಕೊಂಡು ಬನ್ನಿ, ಗ್ರಾಮನಕ್ಷೆ ತೆಗೆಸಿ ನೋಡಿ ಅಂದೆ. ಹೋದರು. ಒಬ್ಬ ಅಜ್ಜಿ ತಮ್ಮ ಗದ್ದೆಯ ಬದಿಯಲ್ಲೇ ಕೋಡಿ ನೀರು ಹೋಗುತ್ತಿತ್ತು ಅಂತ ಕೈ ಮಾಡಿ ತೋರಿಸಿದರಂತೆ. ಗ್ರಾಮನಕ್ಷೆಯಲ್ಲೂ ಅದೇ ಜಾಗದಲ್ಲಿ ಖರಾಬು, ಅಂದರೆ ಸಾಗುವಳಿಗೆ ಸೇರದ ಜಾಗ, ಅಂತ ಒಂದು ಕಾಲುವೆ. ಈಗ ಅದರ ಮೇಲೆ ರಸ್ತೆ. ಅಂದರೆ ಅವರು ಹಾಕಿದ ವಿಸ್ತೀರ್ಣವೇ ತಪ್ಪು. ಮೇಲಿನ ಕೆರೆಯ ನೀರನ್ನೂ ಸೇರಿಸಿದಾಗ ಅವರು ಬರೆದಿದ್ದ ಚರಂಡಿಯ ಅಳತೆ ಯಾವ ಮೂಲೆಗೂ ಸಾಲುತ್ತಿರಲಿಲ್ಲ.

ಸೂತ್ರದಲ್ಲಿ ವಿಸ್ತೀರ್ಣಕ್ಕೆ ಒಂದು ಅಕ್ಷರ ಇದೆ ಅಷ್ಟೇ. ಅಲ್ಲಿ ಯಾವ ಸಂಖ್ಯೆ ಹಾಕಬೇಕು ಅನ್ನುವುದಕ್ಕೆ ಊರಿನ ಚರಿತ್ರೆ ಗೊತ್ತಿರಬೇಕು, ಹಳೆಯ ದಾಖಲೆ ಓದಲು ಬರಬೇಕು, ಅಜ್ಜಿಯ ಹತ್ತಿರ ಮರ್ಯಾದೆಯಿಂದ ಮಾತಾಡಲು ಬರಬೇಕು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಮುಳುಗಿ, ಐಟಿಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗಿದ್ದು ನೆನಪಿದೆಯಲ್ವಾ? ನಮ್ಮಲ್ಲಿ ಎಂಜಿನಿಯರುಗಳಿಗೆ ಬರ ಇರಲಿಲ್ಲ. ಒಂದು ಕೆರೆಯ ಕೋಡಿ ಇನ್ನೊಂದು ಕೆರೆಗೆ ಸೇರುವ ಸರಪಳಿಯನ್ನು ಕಟ್ಟುವ ಮೊದಲೇ ಓದಿಕೊಂಡವರು ಕಡಿಮೆ ಇದ್ದರು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹಾರ್ವಿ ಮಡ್ ಕಾಲೇಜು ಅಂತ ಇದೆ. 1955ರಲ್ಲಿ ಹುಟ್ಟಿದ್ದು, ಈಗಲೂ ಸುಮಾರು 900 ವಿದ್ಯಾರ್ಥಿಗಳಷ್ಟೇ. ತಾನು ಮಾಡುವ ಕೆಲಸ ಸಮಾಜದ ಮೇಲೆ ಏನು ಪರಿಣಾಮ ಬೀರುತ್ತದೆ ಎಂಬ ಅರಿವಿರುವ ಎಂಜಿನಿಯರನ್ನು ತಯಾರು ಮಾಡಬೇಕು ಅನ್ನುವುದು ಅವರ ಧ್ಯೇಯವಾಕ್ಯದಲ್ಲೇ ಇದೆ. ಓದಿನ ಹೆಚ್ಚುಕಡಿಮೆ ಕಾಲುಭಾಗ ಸಾಹಿತ್ಯ, ಚರಿತ್ರೆ, ತತ್ವಶಾಸ್ತ್ರ, ಅರ್ಥಶಾಸ್ತ್ರ, ಕಲೆಗಳಿಗೆ. ಎಂಜಿನಿಯರಿಂಗಿನಲ್ಲಿ ಬ್ರಾಂಚುಗಳೇ ಇಲ್ಲ. 1963ರಿಂದ ಕ್ಲಿನಿಕ್ ಅಂತ ನಡೆಸುತ್ತಿದ್ದಾರೆ: ಹೊರಗಿನ ಸಂಸ್ಥೆ ನಿಜವಾದ ಸಮಸ್ಯೆ ತರುತ್ತದೆ, ವಿದ್ಯಾರ್ಥಿಗಳ ತಂಡ ವರ್ಷವಿಡೀ ಅದರ ಮೇಲೆ ಕೂರುತ್ತದೆ. ಇನ್ನೊಂದು, ಮ್ಯಾಸಚೂಸೆಟ್ಸಿನ ಸ್ಮಿತ್ ಕಾಲೇಜು. ಹೆಣ್ಣುಮಕ್ಕಳ ಲಿಬರಲ್ ಆರ್ಟ್ಸ್ ಕಾಲೇಜು. 1999ರಲ್ಲಿ ಎಂಜಿನಿಯರಿಂಗ್ ಶುರು ಮಾಡಿತು, 2004ರಲ್ಲಿ ಮೊದಲ ತಂಡ ಹೊರಬಂತು. ಅಲ್ಲಿ ಸಾಹಿತ್ಯ, ಚರಿತ್ರೆ ಮೊದಲೇ ಇದ್ದವು, ಎಂಜಿನಿಯರಿಂಗ್ ಆಮೇಲೆ ಬಂದು ಸೇರಿಕೊಂಡಿತು.

"ಇದೆಲ್ಲ ಓದಿದರೆ ಕೆಲಸ ಸಿಗುತ್ತಾ ಸಾರ್?" ಸಾಲ ಮಾಡಿ ಮಗಳನ್ನು ಓದಿಸುತ್ತಿರುವ ಅಪ್ಪ ಹೀಗೆ ಕೇಳಿದರೆ ಅದು ಸಣ್ಣ ಪ್ರಶ್ನೆಯಲ್ಲ. ಪದವೀಧರರ ಸಂಬಳದ ಪಟ್ಟಿಗಳಲ್ಲಿ ಹಾರ್ವಿ ಮಡ್ ಹೆಸರು ಮೇಲಿನ ಸಾಲಿನಲ್ಲೇ ಇರುತ್ತದೆ, ಕವಿತೆ ಓದಿದ್ದರಿಂದ ಅವರಿಗೆ ನಷ್ಟವೇನೂ ಆಗಿಲ್ಲ. ಆದರೆ ಅದು ಶ್ರೀಮಂತ, ಪುಟ್ಟ ಕಾಲೇಜು. ಅದನ್ನೇ ಇಲ್ಲಿ ಕಾಪಿ ಹೊಡೆಯಲು ಆಗುವುದಿಲ್ಲ. ನಮ್ಮ ಉತ್ತರ ನಮ್ಮಲ್ಲಿ ಇರುವುದರಿಂದಲೇ ಬರಬೇಕು.

ನಮ್ಮಲ್ಲಿ ಏನಿದೆ ಅಂದರೆ, ಮೇಷ್ಟ್ರುಗಳಿದ್ದಾರೆ. ಎಷ್ಟೋ ಊರುಗಳಲ್ಲಿ ಒಂದೇ ಟ್ರಸ್ಟಿನ ಕೈಯಲ್ಲಿ ಎಂಜಿನಿಯರಿಂಗ್ ಕಾಲೇಜೂ ಇದೆ, ಡಿಗ್ರಿ ಕಾಲೇಜೂ ಇದೆ. ಅಲ್ಲಿ ಚರಿತ್ರೆ, ಕನ್ನಡ ವಿಭಾಗಗಳಿಗೆ ವಿದ್ಯಾರ್ಥಿಗಳೇ ಇಲ್ಲ, ಮುಚ್ಚುವ ಮಾತು ನಡೆಯುತ್ತಿದೆ. ಇಲ್ಲಿ ಒಂದು ಸೆಕ್ಷನ್ನಿಗೆ ಅರವತ್ತು ಮಕ್ಕಳು. ಮಧ್ಯೆ ಒಂದು ಕಾಂಪೌಂಡು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಂತೂ ಐಐಟಿಗಳು ಕೂಡ ಕಲೆ, ಮಾನವಿಕಗಳ ಕಡೆ ತೆರೆದುಕೊಳ್ಳಬೇಕು ಅಂತ ಹೆಸರು ಹಿಡಿದೇ ಹೇಳಿದೆ. ಹಾಗಿದ್ದ ಮೇಲೆ ಆ ಕಾಂಪೌಂಡಿನಲ್ಲಿ ಒಂದು ಗೇಟು ಇಡಲು ಯಾರ ಅಪ್ಪಣೆಗೆ ಕಾಯಬೇಕು?

ಹೊಸ ಪೇಪರು ಸೇರಿಸಿ ಅಂತ ನಾನು ಹೇಳುತ್ತಿಲ್ಲ. ಮಕ್ಕಳ ಮೇಲೆ ಈಗಾಗಲೇ ಜಾಸ್ತಿ ಹೊರೆ ಇದೆ. ಈಗಿರುವ ಪ್ರಾಜೆಕ್ಟಿಗೇ ಕನ್ನಡದವರೋ ಚರಿತ್ರೆಯವರೋ ಎರಡನೇ ಗೈಡ್ ಆಗಿ ಬರಲಿ. ನಮ್ಮ ನಾಡಿನಲ್ಲಿ ಕೆರೆ ಶಾಸನಗಳು ಬೇಕಾದಷ್ಟಿವೆ. ಕೆರೆ ಕಟ್ಟಿಸಿದವರು ಯಾರು, ಅದರ ರಿಪೇರಿಗೆ ಬಿತ್ತುವಟ್ಟ ಅಂತ ಯಾವ ಜಮೀನು ದತ್ತಿ ಬಿಟ್ಟರು, ಎಲ್ಲ ಕಲ್ಲಿನ ಮೇಲಿದೆ. ಕಟ್ಟಿದ್ದನ್ನು ಮುಂದೆ ಯಾರು, ಯಾವ ದುಡ್ಡಿನಲ್ಲಿ ನೋಡಿಕೊಳ್ಳಬೇಕು ಅನ್ನುವ ಪಾಠ ನಮ್ಮ ಡಿಸೈನ್ ಪುಸ್ತಕಗಳಿಗಿಂತ ಚೆನ್ನಾಗಿ ಅಲ್ಲಿದೆ. ಸಿವಿಲ್ ಹುಡುಗರು ಕನ್ನಡ ಮೇಡಂ ಜೊತೆ ಕೂತು ಅಂಥ ಒಂದು ಶಾಸನ ಓದಲಿ. ಆಮೇಲೆ ಅದೇ ಕೆರೆಯ ಏರಿ, ತೂಬು ಅಳೆಯಲಿ. ರಿಪೋರ್ಟಿನಲ್ಲಿ ಎರಡು ಪುಟ ಆ ಊರಿನವರಿಗೆ ಅರ್ಥವಾಗುವ ಕನ್ನಡದಲ್ಲಿ ಇರಲಿ, ಅದನ್ನು ಪಂಚಾಯಿತಿಯಲ್ಲಿ ನಿಂತು ಓದಿ ಹೇಳಲಿ, ಅವರು ಕೇಳುವ ಪ್ರಶ್ನೆಗೆ ಉತ್ತರ ಕೊಡಲಿ. ವೈವಾ ಅಂಕದಲ್ಲಿ ಒಂದು ಪಾಲು ಅದಕ್ಕೆ.

ನಿಮ್ಮ ಊರಿನ ಕಾಲೇಜಿನಲ್ಲಿ ಯಾರಾದರೂ ಹೀಗೆ ಮಾಡುತ್ತಿದ್ದರೆ ದಯವಿಟ್ಟು ತಿಳಿಸಿ. ಬಂದು ನೋಡಿ ಕಲಿಯಬೇಕು ಅಂತಿದ್ದೇನೆ.